ಮಲಪ್ರಭೆ ಗುಂಟ ಕ್ಯಾರವಾನ್ ಪ್ರಯಾಣ: ಬಾದಾಮಿಯಲ್ಲಿ ಎರಡು ರಾತ್ರಿ ಯಾಕೆ ನಿಲ್ಲಬೇಕು, ಗಾಡಿ ಎಲ್ಲಿ ನಿಲ್ಲಿಸಬೇಕು

ಕಣಕುಂಬಿ ಮಳೆ (ಬೆಳಗಾವಿ):

ಎಲ್ಲರಿಗೂ ನಮಸ್ಕಾರ. ಟೆಂಪೋ ಟ್ರಾವೆಲರ್ ಮೇಲೆ ಕಟ್ಟಿಸಿದ ಕ್ಯಾರವಾನ್‌ನಲ್ಲಿ ಮಲಪ್ರಭಾ ನದಿ ಗುಂಟ ಹೋಗಿ ಬಂದೆವು. ನಾನು, ನಮ್ಮ ಯಜಮಾನರು, ಅತ್ತೆ, ಮಗಳು. ನದಿ ಹುಟ್ಟುವುದು ನಮ್ಮ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅಲ್ಲಿಂದ ಹೊರಟು ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟು, ರಾಮದುರ್ಗ, ಬಾದಾಮಿ, ಪಟ್ಟದಕಲ್ಲು, ಐಹೊಳೆ. ಕೊನೆಗೆ ನದಿ ಕೃಷ್ಣೆಗೆ ಸೇರುವ ಕೂಡಲಸಂಗಮ.

ಈ ದಾರಿಯಲ್ಲಿ ನನ್ನ ಮನಸ್ಸು ನಿಂತಿದ್ದು ಬಾದಾಮಿಯಲ್ಲಿ. ಗುಹೆಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಾನು ಹೇಳುತ್ತಿರುವುದು ಊರಿನ ಬಗ್ಗೆ. ಹೆಚ್ಚಿನವರು ಬೆಳಿಗ್ಗೆ ಬರುತ್ತಾರೆ, ಊಟದ ಹೊತ್ತಿಗೆ ಗುಹೆ ಮುಗಿಸುತ್ತಾರೆ, ಸಂಜೆಯೊಳಗೆ ಪಟ್ಟದಕಲ್ಲು, ಐಹೊಳೆ ನೋಡಿ ಹೊರಟೇ ಬಿಡುತ್ತಾರೆ. ಬಾಡಿಗೆ ಕಾರಿನವರಿಗೆ ಅದು ಅನಿವಾರ್ಯ ಇರಬಹುದು. ಆದರೆ ಗಾಡಿಯಲ್ಲೇ ಹಾಸಿಗೆ ಇಟ್ಟುಕೊಂಡವರು ಹಾಗೆ ಯಾಕೆ ಓಡಬೇಕು? ಬಾದಾಮಿ ಚಂದ ಕಾಣುವುದು ಬಸ್ಸುಗಳು ಬರುವ ಮುಂಚೆ, ಮತ್ತೆ ಬಸ್ಸುಗಳು ಹೋದ ಮೇಲೆ.

ಸಂಜೆ ಅಗಸ್ತ್ಯತೀರ್ಥದ ದಂಡೆ ಹಿಡಿದು ಭೂತನಾಥ ಗುಡಿವರೆಗೆ ನಡೆಯಿರಿ. ಗುಡಿ ಇರುವುದು ಕೆರೆಯ ಪೂರ್ವದ ತುದಿಗೆ, ಮುಖ ಪಶ್ಚಿಮಕ್ಕೆ. ಮುಳುಗುವ ಸೂರ್ಯನ ಬೆಳಕು ನೇರ ಅದರ ಮಂಟಪಕ್ಕೆ, ಹಿಂದಿನ ಬಂಡೆಗೆ ಬೀಳುತ್ತದೆ. ಮಧ್ಯಾಹ್ನ ಮಾಸಲು ಕಂದು ಬಣ್ಣ ಇದ್ದ ಕಲ್ಲು ಅಷ್ಟೊತ್ತಿಗೆ ಕೆಂಪಗಾಗಿರುತ್ತದೆ. ಹತ್ತಿರ ಹೋಗಿ ನೋಡಿದರೆ ಬಂಡೆಯಲ್ಲಿ ಪದರ ಪದರ ಕಾಣುತ್ತದೆ: ಒಂದು ಕಡು ಕೆಂಪು, ಮೇಲೊಂದು ತೆಳು ಹಳದಿ, ಮತ್ತೆ ಕೆಂಪು. ಮಗಳು ಆ ಗೆರೆ ಮೇಲೆ ಬೆರಳು ಎಳೆಯುತ್ತಾ ದೂರದವರೆಗೆ ಹೋದಳು. ಇದನ್ನೆಲ್ಲ ಗಡಿಬಿಡಿಯಲ್ಲಿ ನೋಡಲು ಆಗುವುದಿಲ್ಲ.

ಹಾಗಾಗಿ ಕನಿಷ್ಠ ಎರಡು ರಾತ್ರಿ ನಿಲ್ಲಿ ಅನ್ನುವುದು ನನ್ನ ಮಾತು. ಬಾದಾಮಿ ಕಡೆಯವರು ಇದ್ದರೆ ದಯವಿಟ್ಟು ಬರೆಯಿರಿ. ಕ್ಯಾರವಾನ್‌ನವರು ಊರಿಗೆ ತೊಂದರೆ ಕೊಡದ ಹಾಗೆ ಎಲ್ಲಿ ನಿಲ್ಲಿಸುವುದು ಒಳ್ಳೆಯದು?

ತಟ್ಟುಕೋಟಿ ಹುಡುಗ (ಬಾದಾಮಿ):

ನಮ್ಮೂರಿನ ಬಗ್ಗೆ ಇಷ್ಟು ಪ್ರೀತಿಯಿಂದ ಬರೆದಿದ್ದೀರಿ, ಭಾಳ ಖುಷಿ ಆಯ್ತು ಅಕ್ಕಾರ. ಗಾಡಿ ವಿಷಯ ನಾನು ಹೇಳುತ್ತೇನೆ.

ಮೊದಲನೆಯದು, ಟ್ರಾವೆಲರ್ ತೆಗೆದುಕೊಂಡು ಹಳೇ ಊರಿನ ಓಣಿಯೊಳಗೆ ಬರಲೇಬೇಡಿ. ಮ್ಯೂಸಿಯಂ, ಕೆರೆಯ ಉತ್ತರದ ದಂಡೆ, ಭೂತನಾಥ, ಎಲ್ಲಕ್ಕೂ ದಾರಿ ಆ ಓಣಿಗಳ ಮೂಲಕವೇ. ಎರಡೂ ಕಡೆ ಮನೆ, ಮನೆ ಮುಂದೆ ಕಟ್ಟೆ, ಕಟ್ಟೆ ಮೇಲೆ ಮಂದಿ. ಒಂದು ತಿರುವಿನಲ್ಲಿ ದೊಡ್ಡ ಗಾಡಿ ಸಿಕ್ಕಿಬಿದ್ದರೆ ಹಾಲಿನವರು, ಸಾಲಿ ಮಕ್ಕಳು ಎಲ್ಲರೂ ನಿಲ್ಲಬೇಕಾಗುತ್ತದೆ. ನಡೆದು ಬರ್ರಿ, ಇಲ್ಲಾಂದ್ರೆ ಆಟೋ ಹಿಡೀರಿ.

ಗುಹೆಗಳ ಕೆಳಗೆ ಪಾರ್ಕಿಂಗ್ ಇದೆ. ಹಗಲು ಅಲ್ಲಿ ನಿಲ್ಲಿಸಬಹುದು. ಆದರೆ ಡಿಸೆಂಬರ್, ಜನವರಿಯಲ್ಲಿ ಶಾಲೆ ಪ್ರವಾಸದ ಬಸ್ಸುಗಳು ಸಾಲಾಗಿ ಬರುತ್ತವೆ, ಬೇಗ ಬಂದವರಿಗೆ ಜಾಗ. ರಾತ್ರಿ ಮಾತ್ರ ಅಲ್ಲಿ ಬೇಡ. ಪುರಾತತ್ವ ಇಲಾಖೆಯ ಸ್ಮಾರಕದ ಪಕ್ಕ ಅಡುಗೆ ಮಾಡಿ ಮಲಗುವುದು ಸರಿಯೂ ಅಲ್ಲ. ರಾಮದುರ್ಗ ರಸ್ತೆ, ಸ್ಟೇಷನ್ ರಸ್ತೆ ಕಡೆ ದೊಡ್ಡ ಅಂಗಳ ಇರುವ ವಸತಿಗೃಹಗಳಿವೆ. ಒಳಗೆ ಹೋಗಿ ಕೇಳಿ. ರಾತ್ರಿಗೆ ಇಷ್ಟು ಅಂತ ದುಡ್ಡು ಕೊಡಿ, ಒಂದು ಹೊತ್ತಿನ ಊಟ ಅಲ್ಲೇ ಮಾಡಿ. ಸ್ನಾನಕ್ಕೆ ಒಂದು ರೂಮು, ಕರೆಂಟಿಗೆ ಒಂದು ಪ್ಲಗ್ ಕೇಳುವುದಕ್ಕೂ ಆಗ ಸಂಕೋಚ ಇರುವುದಿಲ್ಲ.

ಇನ್ನು ಮಂಗಗಳು. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ನಮ್ಮಲ್ಲಿ ಮಂಗಗಳಿಗೆ ಪ್ಲಾಸ್ಟಿಕ್ ಚೀಲದ ಸಪ್ಪಳ ಕೇಳಿದರೆ ಸಾಕು. ಕೈಯಲ್ಲಿ ಚೀಲ ಹಿಡಿದು ಗುಹೆ ಹತ್ತಬೇಡಿ. ಕ್ಯಾರವಾನ್‌ನವರಿಗೆ ಇನ್ನೊಂದು ಮಾತು: ಛಾವಣಿಯ ಗಾಳಿಕಿಂಡಿ ಮುಚ್ಚಿಯೇ ಹೋಗಿ. ಕಿಟಕಿಗೆ ಬರೀ ಸೊಳ್ಳೆ ಪರದೆ ಇದ್ದರೆ ಅದನ್ನು ಹರಿಯುವುದು ಅವುಗಳಿಗೆ ಕ್ಷಣದ ಕೆಲಸ. ಹೊರಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಬೇಡಿ.

ಡೀಸೆಲ್ ಡಬ್ಬಿ (ಬಾಗಲಕೋಟೆ):

ಹುಬ್ಬಳ್ಳಿ ಕಡೆಯಿಂದ ಬರುವವರಿಗೆ: ನವಲಗುಂದ, ನರಗುಂದ ದಾಟಿ ಕುಳಗೇರಿ ಕ್ರಾಸ್‌ನಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಬೇಕು. ಕತ್ತಲಾದ ಮೇಲೆ ಆ ದಾರಿ ಇಟ್ಟುಕೊಳ್ಳಬೇಡಿ. ಕಬ್ಬಿನ ಹಂಗಾಮಿನಲ್ಲಿ ನಮ್ಮ ಜಿಲ್ಲೆಯ ರಸ್ತೆ ಮೇಲೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಜಾಸ್ತಿ, ಎಷ್ಟೋ ಟ್ರೇಲರ್‌ಗೆ ಹಿಂದಿನ ದೀಪ ಇರುವುದಿಲ್ಲ.

ಕರೆಂಟಿನ ಲೆಕ್ಕ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಕೇಳುವುದು ಇದನ್ನೇ. ಒಳಗಿನ ಬ್ಯಾಟರಿ 12 ವೋಲ್ಟ್, 200 ಆಂಪಿಯರ್-ಅವರ್ ಇದೆ ಅಂದುಕೊಳ್ಳಿ. ಒಟ್ಟು 2.4 ಯೂನಿಟ್ ಆಯಿತು. ಎ.ಸಿ. ಗಂಟೆಗೆ ಒಂದು ಯೂನಿಟ್ ತಿಂದರೆ ಎರಡು ಗಂಟೆ ದಾಟುವುದೇ ಕಷ್ಟ. ಲೆಡ್ ಆ್ಯಸಿಡ್ ಬ್ಯಾಟರಿ ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಲೂ ಬಾರದು, ಬೇಗ ಹಾಳಾಗುತ್ತದೆ. ಅದೇ ಬ್ಯಾಟರಿಯಲ್ಲಿ ಚಿಕ್ಕ ಫ್ರಿಜ್, ಎರಡು ಫ್ಯಾನು, ಎಲ್‌ಇಡಿ ದೀಪ ರಾತ್ರಿಯೆಲ್ಲ ಆರಾಮಾಗಿ ನಡೆಯುತ್ತದೆ. ಮರುದಿನದ ಬಿಸಿಲಿಗೆ ಸೋಲಾರ್ ಮತ್ತೆ ತುಂಬಿಸುತ್ತದೆ. ಪ್ಲಗ್ ಸಿಕ್ಕರೆ 16 ಆಂಪಿಯರ್‌ದೇ ಕೇಳಿ, ಅರ್ಥಿಂಗ್ ಇದೆಯಾ ಅಂತ ಟೆಸ್ಟರ್ ಹಚ್ಚಿ ನೋಡಿಯೇ ಹಾಕಿ. ಇಡೀ ಗಾಡಿ ಕಬ್ಬಿಣ ಅನ್ನುವುದು ನೆನಪಿರಲಿ.

ಬಿಸಿಲಗುದುರೆ (ಬೆಂಗಳೂರು):

ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ. ಆಗ ಬಂದರೆ ಹೇಗೆ?

ತಟ್ಟುಕೋಟಿ ಹುಡುಗ (ಬಾದಾಮಿ):

ಮೇ ಬೇಡ ಅಣ್ಣ. 40 ಡಿಗ್ರಿ ನಮ್ಮಲ್ಲಿ ಮಾಮೂಲು. ಹಗಲೆಲ್ಲ ಕಾದ ಬಂಡೆ ರಾತ್ರಿ ಬಿಸಿ ಉಗುಳುತ್ತದೆ, ತಗಡಿನ ಗಾಡಿಯಲ್ಲಿ ಮಕ್ಕಳು ಮಲಗುವುದಿಲ್ಲ. ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯದು. ಜೋಳ ಹಾಲುಗಾಳು ಆಗುವ ಹೊತ್ತಿಗೆ ಬಂದರೆ ಹೊಲದಲ್ಲಿ ಸೀತನಿ ಸಿಗುತ್ತದೆ. ಹಸಿ ತೆನೆ ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿ ಕಾಳಿಗೆ ಶೇಂಗಾ ಚಟ್ನಿ ಹಚ್ಚಿ ತಿನ್ನುವುದು. ಮಕ್ಕಳು ಮರೆಯುವುದಿಲ್ಲ.

ಮಳೆಗಾಲದಲ್ಲಿ ಬಂಡೆಗಳಿಂದ ಕೆರೆಗೆ ನೀರು ಧುಮುಕುವುದು ನೋಡಲು ಚಂದ. ಆದರೆ ಹೊಳೆ ದಂಡೆಗೆ ಗಾಡಿ ನಿಲ್ಲಿಸಬಾರದು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ನೀರು ಪಟ್ಟದಕಲ್ಲಿನ ಗುಡಿಗಳೊಳಗೆ ನುಗ್ಗಿತ್ತು.

ಶಾಸನದ ಮೇಷ್ಟ್ರು (ವಿಜಯಪುರ):

ಎರಡು ರಾತ್ರಿ ಅನ್ನುವ ಮಾತಿಗೆ ನನ್ನದೂ ಒಂದು ಓಟು. ಬೆಳಿಗ್ಗೆ ಎಲ್ಲಿಗೆ ಹೋಗಬೇಕು ಅಂತ ನಾನು ಹೇಳುತ್ತೇನೆ.

ಕೆರೆಯ ಉತ್ತರಕ್ಕೆ ಇರುವ ಗುಡ್ಡದ ಬಂಡೆ ಮೇಲೆ ಒಂದನೇ ಪುಲಕೇಶಿಯ ಶಾಸನ ಇದೆ. ಶಕ 465, ಅಂದರೆ ಕ್ರಿ.ಶ. 543. ವಾತಾಪಿಯ ಈ ಗುಡ್ಡವನ್ನು ಕೋಟೆ ಮಾಡಿದೆ ಅಂತ ಅದರಲ್ಲಿ ಹೇಳಿದ್ದಾನೆ. ಮ್ಯೂಸಿಯಂ ಹತ್ತಿರದಿಂದ ಮೇಲಣ ಶಿವಾಲಯಕ್ಕೆ ಹತ್ತುವ ದಾರಿ ಎರಡು ದೊಡ್ಡ ಬಂಡೆಗಳ ಸೀಳಿನ ನಡುವೆ ಹೋಗುತ್ತದೆ. ಬೆಳಗಿನ ಹೊತ್ತು ಅಲ್ಲಿ ತಂಪು. ಮೇಲೆ ನಿಂತರೆ ಎದುರು ಗುಡ್ಡದಲ್ಲಿ ಗುಹೆಗಳು, ನಡುವೆ ಕೆರೆ, ಪಕ್ಕಕ್ಕೆ ಊರು. ಚಾಲುಕ್ಯರು ಈ ಜಾಗ ಯಾಕೆ ಆರಿಸಿಕೊಂಡರು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡೂ ಕಡೆ ಕಡಿದಾದ ಬಂಡೆ, ನಡುವೆ ಕುಡಿಯುವ ನೀರು.

ಮೂರನೇ ಗುಹೆಯಲ್ಲಿ ಶಕ 500ರ, ಅಂದರೆ 578ರ ಮಂಗಳೇಶನ ಶಾಸನ ಇದೆ. ಅಲ್ಲಿ ಆದಿಶೇಷನ ಮೇಲೆ ಕುಳಿತ ವಿಷ್ಣುವನ್ನು ಎಲ್ಲರೂ ನೋಡುತ್ತಾರೆ. ನೀವು ಕತ್ತೆತ್ತಿ ಕಂಬದ ಮೇಲಿನ ಜೋಡಿ ಶಿಲ್ಪಗಳನ್ನೂ ನೋಡಿ. ಗಂಡು ಹೆಣ್ಣು ಮರದ ಕೆಳಗೆ ನಿಂತಿದ್ದಾರೆ, ಒಬ್ಬೊಬ್ಬರ ನಿಲುವೂ ಬೇರೆ. ಮೊದಲನೇ ಗುಹೆಯ ಹದಿನೆಂಟು ಕೈಯ ನಟರಾಜನ ಮುಂದೆ ಬಸ್ಸು ಬಂದ ಮೇಲೆ ನಿಲ್ಲಲು ಜಾಗ ಸಿಗುವುದಿಲ್ಲ. ಬಾಗಿಲು ತೆರೆದ ಕೂಡಲೇ ಹೋದರೆ ಬೇಕಾದಷ್ಟು ಹೊತ್ತು ನಿಲ್ಲಬಹುದು.

642ರಲ್ಲಿ ಪಲ್ಲವರ ನರಸಿಂಹವರ್ಮ ಈ ಊರು ಗೆದ್ದ. ಅವನ ಶಾಸನವೂ ಇಲ್ಲಿನ ಬಂಡೆ ಮೇಲಿದೆ. ಗೆದ್ದವನದೂ ಸೋತವನದೂ ಒಂದೇ ಊರಿನ ಕಲ್ಲಿನಲ್ಲಿ ಓದಬಹುದು.

ಇನ್ನು ಕನ್ನಡಿಗರು ಬಿಡಬಾರದ್ದು ಕಪ್ಪೆ ಅರಭಟ್ಟನ ಶಾಸನ. ತಟ್ಟುಕೋಟಿ ಕಡೆ ಬಂಡೆಯ ಮೇಲಿದೆ, ಕಾಲ ಸುಮಾರು ಕ್ರಿ.ಶ. 700. ಕನ್ನಡದ ತ್ರಿಪದಿ ನಮಗೆ ಸಿಗುವ ಅತಿ ಹಳೆಯ ಜಾಗ ಇದು. 'ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ' ಅಂತ ಶಾಲೆಯಲ್ಲಿ ಓದಿದ್ದು ನೆನಪಿದೆ ಅಲ್ವಾ? ಆ ಅಕ್ಷರಗಳ ಎದುರು ನಿಂತು ಜೋರಾಗಿ ಓದಿ, ಮಕ್ಕಳಿಗೂ ಓದಿಸಿ. ಬೀಸುಕಲ್ಲಿನ ಪದದ ಧಾಟಿ ಗೊತ್ತಿರುವ ಅಜ್ಜಿ ಜೊತೆಗಿದ್ದರೆ ಅವರೇ ರಾಗ ಹಚ್ಚುತ್ತಾರೆ.

ಮ್ಯೂಸಿಯಂಗೆ ಶುಕ್ರವಾರ ರಜೆ. ಅದನ್ನು ನೋಡಿಕೊಂಡು ದಿನ ಹಾಕಿಕೊಳ್ಳಿ. ಲಜ್ಜಾಗೌರಿ ಶಿಲ್ಪ ಇರುವುದು ಅಲ್ಲೇ.

ಬುತ್ತಿಗಂಟು (ಜಮಖಂಡಿ):

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಕ್ಯಾರವಾನ್‌ನವರು ಮನೆಯಿಂದಲೇ ಅಕ್ಕಿ, ಬೇಳೆ, ಗ್ಯಾಸು, ನೀರು ಎಲ್ಲ ತರುತ್ತಾರೆ. ಊರಿನ ಜಾಗ ಬಳಸುತ್ತಾರೆ, ಹೊಲಸು ಬಿಟ್ಟು ಹೋಗುತ್ತಾರೆ, ಊರಿಗೆ ಹತ್ತು ರೂಪಾಯಿ ಬಿಡುವುದಿಲ್ಲ. ಒಂದು ಕೆರೆ ದಂಡೆಯಲ್ಲಿ ಸಾಬೂನು ನೀರು ಬಿಟ್ಟು ಹೋದದ್ದನ್ನು ನಾನೇ ನೋಡಿದ್ದೇನೆ. ಲಾಡ್ಜಿನಲ್ಲಿ ಉಳಿದರೆ ನಾಲ್ಕು ಜನರಿಗೆ ಕೆಲಸ ಸಿಗುತ್ತದೆ. ಗಾಡಿಯಲ್ಲಿ ಮಲಗುವುದಕ್ಕೆ ಊರು ಯಾಕೆ ಬೇಕು?

ಕಣಕುಂಬಿ ಮಳೆ (ಬೆಳಗಾವಿ):

ಅಣ್ಣಾರ, ನಿಮ್ಮ ಮಾತಿನಲ್ಲಿ ಸತ್ಯ ಇದೆ. ಹೊಲಸು ಬಿಟ್ಟು ಹೋಗುವವರ ಪರವಾಗಿ ನಾನು ಒಂದು ಮಾತೂ ಆಡುವುದಿಲ್ಲ. ಆದರೆ ಗಾಡಿಯಲ್ಲಿ ಮಲಗುವುದು ನಮ್ಮ ಕಡೆ ಹೊಸದಲ್ಲ. ನಮ್ಮತ್ತೆ ಚಿಕ್ಕವರಿದ್ದಾಗ ಚಕ್ಕಡಿ ಕಟ್ಟಿಕೊಂಡು ಎಲ್ಲಮ್ಮನ ಗುಡ್ಡಕ್ಕೆ, ಬನಶಂಕರಿ ಜಾತ್ರೆಗೆ ಹೋಗುತ್ತಿದ್ದರಂತೆ. ಮೇಲೆ ತಟ್ಟಿನ ಕಮಾನು, ಒಳಗೆ ಹುಲ್ಲಿನ ಮೇಲೆ ಕೌದಿ, ಚಕ್ಕಡಿ ಪಕ್ಕ ಮೂರು ಕಲ್ಲಿಟ್ಟು ಒಲೆ. ನಮ್ಮ ಕ್ಯಾರವಾನ್ ಅಂದರೆ ಡೀಸೆಲ್ ಹಾಕಿದ ಚಕ್ಕಡಿ ಅಂತ ಅವರೇ ಅಂದರು. ಅಂದಿನವರು ಬುತ್ತಿ ಕಟ್ಟಿಕೊಂಡು ಬಂದರೂ ಜಾತ್ರೆಯಲ್ಲಿ ಬಳೆ ಇಟ್ಟುಕೊಂಡರು, ಖಣ ತೆಗೆದುಕೊಂಡರು, ನಾಟಕ ನೋಡಿದರು. ಊರಿನಿಂದ ತೆಗೆದುಕೊಂಡು ಊರಿಗೆ ಕೊಟ್ಟರು. ನಾವೂ ಹಾಗೇ ಇರಬೇಕು ಅನ್ನುವುದು ನನ್ನ ಆಸೆ.

ಊಟದ ಮಾತು ಹೇಳಲೇಬೇಕು. ಬಾದಾಮಿಯಿಂದ ಸುಮಾರು 5 ಕಿಲೋಮೀಟರ್ ದೂರದ ಬನಶಂಕರಿ ಗುಡಿ ಹತ್ತಿರ ಸುತ್ತಲ ಹಳ್ಳಿಯ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಬರುತ್ತಾರೆ. ನಾವು ಹರಿದ್ರಾತೀರ್ಥದ ಹೊಂಡ ನೋಡಿಕೊಂಡು ಬರುವಾಗ ಒಬ್ಬ ಅಕ್ಕ ಕರೆದರು. ನೆರಳಿನಲ್ಲಿ ಕೂತು ಬುಟ್ಟಿ ಮೇಲಿನ ಬಟ್ಟೆ ತೆಗೆದರು. ತೆಳ್ಳನೆ ಜೋಳದ ರೊಟ್ಟಿ ಒಂದರ ಮೇಲೊಂದು. ರೊಟ್ಟಿ ಮೇಲೆಯೇ ಎಣ್ಣೆಗಾಯಿ, ಮಡಿಕಿ ಕಾಳು, ಒಂದು ಬೆರಳಷ್ಟು ಕೆಂಪು ಖಾರ, ಮೇಲೆ ಗುರೆಳ್ಳು ಪುಡಿ ಉದುರಿಸಿದರು. ಮೊಸರು ಪುಟ್ಟ ಮಣ್ಣಿನ ಗಡಿಗೆಯಲ್ಲಿ. ಗಡಿಗೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. ಅತ್ತೆ ಇನ್ನೊಂದು ರೊಟ್ಟಿ ಕೇಳಿದಾಗ 'ಉಣ್ರೀ ಯವ್ವಾ, ಹೊಟ್ಟಿ ತುಂಬ ಉಣ್ರೀ' ಅಂತ ಎರಡು ಹಾಕಿದರು. ಆ ದಿನ ನಮ್ಮ ಗಾಡಿಯ ಒಲೆ ಹಚ್ಚಲೇ ಇಲ್ಲ. ಕ್ಯಾರವಾನ್‌ನಲ್ಲಿ ಅಡುಗೆ ಮನೆ ಇದೆ ಅಂತ ಇಂಥ ಊಟ ಬಿಡಬೇಕಾ? ಬೆಳಗಿನ ಚಹಾಕ್ಕೆ, ಮಗುವಿನ ಹಾಲಿಗೆ ಗಾಡಿಯ ಒಲೆ ಸಾಕು.

ತಟ್ಟುಕೋಟಿ ಹುಡುಗ (ಬಾದಾಮಿ):

ಬುತ್ತಿಗಂಟು ಅಣ್ಣ ಹೇಳಿದ ಸಾಬೂನು ನೀರಿನ ವಿಷಯ ಎಲ್ಲರೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಇವತ್ತಿಗೂ ನಮ್ಮೂರಿನ ಹೆಣ್ಣುಮಕ್ಕಳು ಬಟ್ಟೆ ಒಗೆಯುತ್ತಾರೆ. ಮಹಾಕೂಟದ ಹೊಂಡ ಬುಗ್ಗೆ ನೀರಿನದು, ಅಲ್ಲಿ ಭಕ್ತರು ಮುಳುಗಿ ಸ್ನಾನ ಮಾಡುತ್ತಾರೆ. ಗಾಡಿಯ ಬಚ್ಚಲ ನೀರು ಇಂಥ ಕಡೆ ಒಂದು ಲೋಟವೂ ಹೋಗಬಾರದು. ಅದನ್ನು ಟ್ಯಾಂಕಿನಲ್ಲೇ ಹಿಡಿದಿಟ್ಟು, ನೀವು ಉಳಿದ ವಸತಿಗೃಹದ ಬಚ್ಚಲಿಗೆ ಕೇಳಿ ಬಿಡಿ. ಸಂಡಾಸಿನ ಡಬ್ಬಿ ಇದ್ದರೆ ಅವರ ಕಮೋಡಿಗೇ ಸುರಿದು ನೀರು ಹಾಕಿ ತೊಳೆಯಬೇಕು. ಹೊಲಕ್ಕೆ ಸುರಿಯುವುದು ಬೇಡ, ಆ ಡಬ್ಬಿಗೆ ಹಾಕುವ ರಾಸಾಯನಿಕ ಮಣ್ಣಿಗೆ ಒಳ್ಳೆಯದಲ್ಲ.

ಕುಡಿಯುವ ನೀರಿಗೆ ಶುದ್ಧ ನೀರಿನ ಘಟಕಗಳಿವೆ, ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳಿ. ಬೇಸಿಗೆಯಲ್ಲಿ ಊರವರು ಕೊಡ ಹಿಡಿದು ಸಾಲು ನಿಂತಿದ್ದರೆ ಅವರದು ಮುಗಿಯಲಿ.

ಜಾತ್ರೆ ಮಾತು ಬಂತು. ಬನದ ಹುಣ್ಣಿಮೆಗೆ ತೇರು, ಅದು ಜನವರಿ ಸುಮಾರಿಗೆ ಬರುತ್ತದೆ. ಆಮೇಲೂ ವಾರಗಟ್ಟಲೆ ಜಾತ್ರೆ. ನಾಟಕ ಕಂಪನಿಗಳು ಟೆಂಟು ಹಾಕುತ್ತವೆ, ರಾತ್ರಿಯೆಲ್ಲ ಆಟ. ನೋಡಲೇಬೇಕು! ಆದರೆ ಆ ದಿನಗಳಲ್ಲಿ ಬನಶಂಕರಿ ದಾರಿಗೆ ದೊಡ್ಡ ಗಾಡಿ ಇಳಿಸಬೇಡಿ. ಬಾದಾಮಿಯಲ್ಲೇ ಬಿಟ್ಟು ಆಟೋದಲ್ಲಿ ಹೋಗಿ.

ಬುತ್ತಿಗಂಟು (ಜಮಖಂಡಿ):

ಹೀಗೆ ನಡೆದುಕೊಂಡರೆ ನನ್ನ ತಕರಾರು ಇಲ್ಲ. ಲಾಡ್ಜಿನವರಿಗೆ ಜಾಗದ ಬಾಡಿಗೆ ಕೊಡುವುದು ಒಳ್ಳೆಯ ಪದ್ಧತಿ. ಪುರಸಭೆಯವರೇ ಊರ ಹೊರಗೆ ಒಂದು ಜಾಗ ಮಾಡಿ ನೀರು, ಕರೆಂಟು, ಸಂಡಾಸಿನ ವ್ಯವಸ್ಥೆ ಕೊಟ್ಟು ದುಡ್ಡು ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಯಾತ್ರಿಗಳ ಬಸ್ಸಿಗೂ ಆಗುತ್ತದೆ.

ಖಣದ ಕುಪ್ಪಸ (ಗುಳೇದಗುಡ್ಡ):

ನಮ್ಮೂರನ್ನು ಯಾರೂ ಹೇಳಲೇ ಇಲ್ಲವಲ್ಲ! ಬಾದಾಮಿಯಿಂದ ಗುಳೇದಗುಡ್ಡ ಒಂದು ಗಂಟೆಯ ದಾರಿಯೂ ಅಲ್ಲ. ಎರಡನೇ ದಿನ ಮಧ್ಯಾಹ್ನ ಬಿಸಿಲಿನಲ್ಲಿ ಗುಡ್ಡ ಹತ್ತುವ ಬದಲು ಇಲ್ಲಿಗೆ ಬನ್ನಿ. ಓಣಿಯಲ್ಲಿ ನಡೆಯುತ್ತಿದ್ದರೆ ಮಗ್ಗದ ಸಪ್ಪಳ ಕೇಳುತ್ತದೆ. ಮನೆಯೊಳಗೆ ನೆಲದಲ್ಲಿ ಕುಣಿ ತೋಡಿ ಮಗ್ಗ ಹೂಡಿರುತ್ತಾರೆ, ನೇಯುವವರ ಕಾಲು ಕುಣಿಯೊಳಗೆ, ಕೈ ಮೇಲೆ. ಖಣದ ಅಗಲ ಚಿಕ್ಕದು, ಒಂದು ಕುಪ್ಪಸಕ್ಕೆ ಆಗುವಷ್ಟು ಲೆಕ್ಕ ಇಟ್ಟೇ ನೇಯುತ್ತಾರೆ. ಮೈಯಲ್ಲಿ ಚಿಕ್ಕ ಚಿಕ್ಕ ಹೂವಿನ ಚಿತ್ತಾರ, ಎರಡೂ ಬದಿಗೆ ಅಂಚು. ಬೆಳಕಿಗೆ ಹಿಡಿದು ಅಲ್ಲಾಡಿಸಿ ನೋಡಿ, ಹಾಸು ಒಂದು ಬಣ್ಣ ಹೊಕ್ಕು ಇನ್ನೊಂದು ಬಣ್ಣ ಇದ್ದರೆ ಬಟ್ಟೆ ಎರಡು ಬಣ್ಣ ತೋರಿಸುತ್ತದೆ.

ಇಳಕಲ್ಲ ಸೀರೆಗೆ ಜೋಡಿ ನಮ್ಮ ಖಣ. ಈಗ ಕುಪ್ಪಸ ತೊಡುವವರು ಕಡಿಮೆ ಆದರು, ಹಾಗಾಗಿ ಚೀಲ, ದಿಂಬಿನ ಕವರು, ಮಕ್ಕಳ ಲಂಗ ಹೊಲಿಯುತ್ತಿದ್ದಾರೆ. ಕ್ಯಾರವಾನ್‌ನವರು ಕಿಟಕಿ ಪರದೆಗೆ ಖಣ ಹಾಕಿಸಿಕೊಳ್ಳಿ ಅಂತ ನನ್ನ ಒತ್ತಾಯ. ನೇಕಾರರ ಮನೆಯಲ್ಲಿ ಚೌಕಾಸಿ ಮಾತ್ರ ಮಾಡಬೇಡಿ.

ಬಿಸಿಲಗುದುರೆ (ಬೆಂಗಳೂರು):

ಹಾಗಾದರೆ ಡಿಸೆಂಬರ್‌ಗೆ ಹಾಕಿಕೊಳ್ಳುತ್ತೇವೆ. ಅಪ್ಪನಿಗೆ ಮಂಡಿನೋವು, ಮೆಟ್ಟಿಲು ಹತ್ತಲು ಆಗುವುದಿಲ್ಲ. ಅವರಿಗೆ ಏನಿದೆ?

ಕಣಕುಂಬಿ ಮಳೆ (ಬೆಳಗಾವಿ):

ನಮ್ಮತ್ತೆಗೂ ಅದೇ ತೊಂದರೆ. ಗುಹೆಯ ಮೆಟ್ಟಿಲು ಕಡಿದು. ಮೊದಲನೇ ಗುಹೆ ಅಷ್ಟು ಮೇಲಿಲ್ಲ, ಉಳಿದವಕ್ಕೆ ಹತ್ತುತ್ತಲೇ ಹೋಗಬೇಕು. ಕೆರೆಯ ದಂಡೆಯಲ್ಲಿ ಮಾತ್ರ ಆರಾಮಾಗಿ ಕೂಡಬಹುದು.

ಅವರಿಗೆ ಪಟ್ಟದಕಲ್ಲು ಚೆನ್ನಾಗಿ ಹೊಂದುತ್ತದೆ. ಬಾದಾಮಿಯಿಂದ ಸುಮಾರು 22 ಕಿಲೋಮೀಟರ್. ನೆಲ ಸಮತಟ್ಟು, ಗುಡಿಗಳು ಹತ್ತಿರ ಹತ್ತಿರ, ನಡುವೆ ಹುಲ್ಲು. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ. ವಿರೂಪಾಕ್ಷ ಗುಡಿ ಕಟ್ಟಿಸಿದ್ದು ರಾಣಿ ಲೋಕಮಹಾದೇವಿ, ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ. ಪಕ್ಕದ ಮಲ್ಲಿಕಾರ್ಜುನ ಗುಡಿ ರಾಣಿ ತ್ರೈಲೋಕ್ಯಮಹಾದೇವಿಯದು. ನಮ್ಮತ್ತೆ ಕಂಬಗಳ ಮೇಲಿನ ರಾಮಾಯಣದ ಕತೆಗಳನ್ನು ಒಂದೊಂದಾಗಿ ಗುರುತು ಹಿಡಿದು ಮೊಮ್ಮಗಳಿಗೆ ಹೇಳಿದರು. ನಮಗೆ ಗೈಡ್ ಬೇಕಾಗಲಿಲ್ಲ. ಗುಡಿಯ ಪೂರ್ವದ ಬಾಗಿಲಿನಿಂದ ಹೊರಗೆ ಬಂದರೆ ಮಲಪ್ರಭೆ. ಇಲ್ಲಿ ಅವಳು ಉತ್ತರಕ್ಕೆ ಹರಿಯುತ್ತಾಳೆ.

ದಾರಿಯಲ್ಲಿ ಶಿವಯೋಗ ಮಂದಿರಕ್ಕೂ ಕರೆದುಕೊಂಡು ಹೋಗಿ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಕಟ್ಟಿದ ಸಂಸ್ಥೆ, ಅದೂ ಹೊಳೆ ದಂಡೆಯಲ್ಲೇ. ಅಲ್ಲಿ ತಯಾರಿಸುವ ವಿಭೂತಿ ನಮ್ಮ ಕಡೆ ಎಲ್ಲ ಮನೆಗಳಿಗೂ ಹೋಗುತ್ತದೆ.

ಶಾಸನದ ಮೇಷ್ಟ್ರು (ವಿಜಯಪುರ):

ಮುಂದೆ ಐಹೊಳೆಯಲ್ಲಿ ದುರ್ಗ ಗುಡಿಯ ಆವರಣವೂ ಸಮತಟ್ಟು. ಮೇಗುತಿ ಗುಡ್ಡಕ್ಕೆ ಮಾತ್ರ ಹತ್ತಬೇಕು. ಇಮ್ಮಡಿ ಪುಲಕೇಶಿಯ ಬಗ್ಗೆ ರವಿಕೀರ್ತಿ ಬರೆದ 634ರ ಶಾಸನ ಅಲ್ಲಿದೆ. ಮಹಾಕೂಟದಲ್ಲಿದ್ದ ಮಂಗಳೇಶನ ಕಾಲದ ಶಾಸನದ ಕಂಬ ಹುಡುಕಬೇಡಿ, ಅದು ಈಗ ನಮ್ಮೂರಿನ ಗೋಳಗುಮ್ಮಟದ ಮ್ಯೂಸಿಯಂನಲ್ಲಿದೆ. ಗಾಡಿ ವಿಜಯಪುರದ ಕಡೆ ತಿರುಗಿಸಿದರೆ ನೋಡಬಹುದು.

ಡೀಸೆಲ್ ಡಬ್ಬಿ (ಬಾಗಲಕೋಟೆ):

ಐಹೊಳೆಯಿಂದ ಕೂಡಲಸಂಗಮಕ್ಕೆ ಹೋಗುವಾಗ ಅಮೀನಗಡದಲ್ಲಿ ನಿಲ್ಲಿಸಿ. ಕರದಂಟು ತೆಗೆದುಕೊಳ್ಳದೆ ಯಾರೂ ಆ ಊರು ದಾಟುವುದಿಲ್ಲ. ಐಹೊಳೆ ಊರೊಳಗೂ ಓಣಿ ಚಿಕ್ಕದು, ದುರ್ಗ ಗುಡಿ ಹತ್ತಿರದ ಪಾರ್ಕಿಂಗ್‌ನಲ್ಲೇ ಗಾಡಿ ಬಿಡಿ.

ಬಿಸಿಲಗುದುರೆ ಅವರೇ, ನೀವು ಬಾಡಿಗೆ ಗಾಡಿ ತರುತ್ತೀರಾದರೆ ಹೊರಡುವ ಮುಂಚೆ ಗಾಡಿಯ ಎತ್ತರ ಎಷ್ಟು ಅಂತ ಕೇಳಿ ಡ್ಯಾಶ್‌ಬೋರ್ಡ್ ಮೇಲೆ ಬರೆದು ಅಂಟಿಸಿಕೊಳ್ಳಿ. ಹಳ್ಳಿ ಓಣಿಯಲ್ಲಿ ಜೋತುಬಿದ್ದ ವೈರು, ರೈಲ್ವೆ ಕೆಳಸೇತುವೆ ಎರಡೂ ಸಿಗುತ್ತವೆ. ಸ್ಟೆಪ್ನಿ, ಜಾಕು ಇದೆಯಾ ನೋಡಿ.

ಬಿಸಿಲಗುದುರೆ (ಬೆಂಗಳೂರು):

ಎಲ್ಲ ಬರೆದುಕೊಂಡೆ. ಶುಕ್ರವಾರ ಬಿಟ್ಟು ಮಂಗಳವಾರ, ಬುಧವಾರ ರಾತ್ರಿ ಬಾದಾಮಿಯಲ್ಲಿ ಅಂತ ಇಟ್ಟುಕೊಂಡಿದ್ದೇವೆ. ಬನಶಂಕರಿ ಅಮ್ಮನ ದರ್ಶನಕ್ಕೆ ಮಂಗಳವಾರ ಗದ್ದಲ ಇರುತ್ತದಾ?

ತಟ್ಟುಕೋಟಿ ಹುಡುಗ (ಬಾದಾಮಿ):

ಮಂಗಳವಾರ, ಶುಕ್ರವಾರ ದೇವಿ ವಾರ, ಮಂದಿ ಜಾಸ್ತಿ. ನೀವು ಮಂಗಳವಾರ ಸಂಜೆ ಕೆರೆ ಕಡೆ ಬನ್ನಿ, ಬುಧವಾರ ಬೆಳಿಗ್ಗೆ ಗುಹೆ ನೋಡಿಕೊಂಡು ಮಧ್ಯಾಹ್ನದ ರೊಟ್ಟಿ ಊಟಕ್ಕೆ ಬನಶಂಕರಿಗೆ ಹೋಗಿ. ಗುರುವಾರ ಪಟ್ಟದಕಲ್ಲಿನ ದಾರಿ ಹಿಡೀರಿ. ನಿಮ್ಮ ಗಾಡಿ ಉದ್ದ, ಎತ್ತರ ಇಲ್ಲಿ ಬರೆಯಿರಿ, ಯಾವ ಅಂಗಳದಲ್ಲಿ ತಿರುಗಿಸಲು ಆಗುತ್ತದೆ ಅಂತ ವಿಚಾರಿಸಿ ಹೇಳುತ್ತೇನೆ.